ಎರಡು ಅರ್ಥಗಳ ಬೆನ್ನು ಹತ್ತಿದ ವಿದ್ಯಾರ್ಥಿ

ಒಂದು ಕವಿತೆ ಚೆನ್ನಾಗಿದೆ ಎಂದು ಹೇಳುವುದು ಸುಲಭ. ಕವಿಯ ಹೆಸರನ್ನೇ ಮುಚ್ಚಿಟ್ಟು ಅಭಿಪ್ರಾಯ ಕೇಳಿದರೆ? 1920ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಎಂಬ ಅಧ್ಯಾಪಕರು ಇಂಥ ಪ್ರಯೋಗ ನಡೆಸಿದರು. ಕವಿ ಯಾರು, ಯಾವ ಕಾಲದವನು ಎಂಬುದನ್ನು ತಿಳಿಸದೆ ವಿದ್ಯಾರ್ಥಿಗಳಿಗೆ ಪದ್ಯಗಳನ್ನು ಹಂಚಿ, ಅನಿಸಿದ್ದನ್ನು ಬರೆದುಕೊಡಲು ಹೇಳಿದರು. ಜಾನ್ ಡನ್, ಹಾಪ್ಕಿನ್ಸ್‌ರಂಥ ಕವಿಗಳನ್ನು ಹಲವರು ತೆಗಳಿದ್ದರು. ಸಾಧಾರಣ ಪದ್ಯಗಳನ್ನು ಹೊಗಳಿದ್ದರು. ಈ ಉತ್ತರಗಳನ್ನು ವಿಶ್ಲೇಷಿಸಿದ ಅವರ ಗ್ರಂಥ 'ಪ್ರಾಕ್ಟಿಕಲ್ ಕ್ರಿಟಿಸಿಸಂ' 1929ರಲ್ಲಿ ಹೊರಬಂತು.

ಈ ಹೊಸ ಗಾಳಿಗೆ ಸಿಲುಕಿದವರಲ್ಲಿ ವಿಲಿಯಂ ಎಂಪ್ಸನ್ ಒಬ್ಬರು. 1906ರಲ್ಲಿ ಯಾರ್ಕ್‌ಶೈರ್‌ನಲ್ಲಿ ಹುಟ್ಟಿದ ಅವರು 1925ರಲ್ಲಿ ಕೇಂಬ್ರಿಜ್‌ಗೆ ಬಂದದ್ದು ಗಣಿತ ಓದಲು. ಆದರೆ ಮನಸ್ಸು ಸಾಹಿತ್ಯದ ಕಡೆ ವಾಲಿತು. 1928ರಲ್ಲಿ ಇಂಗ್ಲಿಷ್ ವಿಭಾಗ ಸೇರಿ ರಿಚರ್ಡ್ಸ್ ಅವರ ಶಿಷ್ಯರಾದರು. ರಾಬರ್ಟ್ ಗ್ರೇವ್ಸ್ ಮತ್ತು ಲಾರಾ ರೈಡಿಂಗ್ ಷೇಕ್ಸ್‌ಪಿಯರ್‌ನ ಒಂದು ಸುನೀತದಿಂದ ಬಗೆಬಗೆಯ ಅರ್ಥ ಹೊರಡಿಸಿದ್ದುದನ್ನು ಗುರುವಿಗೆ ತೋರಿಸಿ, ಯಾವ ಕವಿತೆಗಾದರೂ ಹೀಗೆ ಮಾಡಬಹುದಲ್ಲ ಎಂದರು. ಮಾಡಿ ತೋರಿಸಿ ಎಂದರು ಗುರು. ಕೆಲವೇ ದಿನಗಳಲ್ಲಿ ಶಿಷ್ಯ ಹಾಳೆಗಳ ದೊಡ್ಡ ಕಟ್ಟನ್ನೇ ತಂದಿಟ್ಟರು. ಅದೇ ಬೆಳೆದು 1930ರಲ್ಲಿ 'ಸೆವೆನ್ ಟೈಪ್ಸ್ ಆಫ್ ಆಂಬಿಗ್ಯುಯಿಟಿ' ಆಯಿತು. ಆಗ ಲೇಖಕರಿಗೆ 24 ವರ್ಷ.

ಪುಸ್ತಕದ ವಾದವೇನು? ಕನ್ನಡದ ಉದಾಹರಣೆಯಲ್ಲೇ ನೋಡಬಹುದು. 'ಹೊತ್ತು ಸಾಗಿತು' ಎಂದರೆ ಸಮಯ ಕಳೆಯಿತು ಎಂದೂ ಆಗುತ್ತದೆ, ಹೊರೆ ಹೊತ್ತುಕೊಂಡು ಮುಂದೆ ಹೋಯಿತು ಎಂದೂ ಆಗುತ್ತದೆ. ಒಂದು ಬದುಕಿನ ಬಗ್ಗೆ ಈ ಮಾತು ಬಂದರೆ ಎರಡೂ ಅರ್ಥಗಳು ಒಟ್ಟಿಗೆ ನಿಲ್ಲುತ್ತವೆ. ಇಂಥ ಅನೇಕಾರ್ಥ ಕವಿಯ ದೋಷವಲ್ಲ, ಕಾವ್ಯದ ಶಕ್ತಿಯೇ ಅಲ್ಲಿದೆ ಎಂದರು ಎಂಪ್ಸನ್.

ಭಾರತೀಯ ಕಾವ್ಯಮೀಮಾಂಸೆಗೆ ಇದು ತೀರ ಹೊಸದಲ್ಲ. ಒಂದು ಮಾತಿಗೆ ಎರಡು ಅರ್ಥ ಬರುವುದನ್ನು ನಮ್ಮವರು ಶ್ಲೇಷೆ ಎಂದರು. ಕಾಶ್ಮೀರದ ಆನಂದವರ್ಧನ 9ನೇ ಶತಮಾನದಲ್ಲಿಯೇ ವಾಚ್ಯಾರ್ಥದಾಚೆಗಿನ ಧ್ವನಿಯನ್ನು ಕಾವ್ಯದ ಆತ್ಮ ಎಂದ. ಅದೇ ಶತಮಾನದ ನಮ್ಮ 'ಕವಿರಾಜಮಾರ್ಗ'ವೂ ಧ್ವನಿಯನ್ನು ಹೆಸರಿಸುತ್ತದೆ, ಆದರೆ ಅಲಂಕಾರವಾಗಿ. ವ್ಯತ್ಯಾಸವೂ ಇದೆ. ಧ್ವನಿಯಲ್ಲಿ ಹೊರಗಿನ ಅರ್ಥ ಹಿಂದೆ ಸರಿದು ಸೂಚಿತ ಅರ್ಥ ಮೇಲಾಗುತ್ತದೆ. ಎಂಪ್ಸನ್ ಅವರಿಗೆ ಮುಖ್ಯವಾದದ್ದು ಅರ್ಥಗಳ ನಡುವಿನ ಜಗ್ಗಾಟ.

ಈ ಉತ್ಸಾಹಕ್ಕೆ ಕಾಲೇಜು ಮಾತ್ರ ಬಾಗಿಲು ಮುಚ್ಚಿತು. 1929ರಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾಗಿ ಮ್ಯಾಗ್ಡಲೀನ್ ಕಾಲೇಜಿನ ಫೆಲೋಷಿಪ್ ಪಡೆದ ಎಂಪ್ಸನ್ ಅವರ ಕೋಣೆಯಲ್ಲಿ ಗರ್ಭನಿರೋಧಕಗಳು ಸಿಕ್ಕಿದವು. ಅಂದಿನ ಆಡಳಿತಕ್ಕೆ ಅದು ಮಹಾಪರಾಧ. ಫೆಲೋಷಿಪ್ ಹೋಯಿತು, ಕಾಲೇಜಿನ ದಾಖಲೆಯಿಂದ ಹೆಸರೂ ಹೋಯಿತು. ಅವರು ಲಂಡನ್ ಸೇರಿ ಪುಸ್ತಕ ಮುಗಿಸಿದರು. 1931ರಲ್ಲಿ ಜಪಾನಿಗೆ, 1937ರಲ್ಲಿ ಚೀನಾಕ್ಕೆ ಪಾಠ ಹೇಳಲು ಹೋದರು. ಯುದ್ಧದಿಂದಾಗಿ ಊರು ಬಿಟ್ಟಿದ್ದ ಚೀನೀ ವಿದ್ಯಾರ್ಥಿಗಳಿಗೆ, ಪುಸ್ತಕಗಳಿಲ್ಲದಾಗ, ಕವಿತೆಗಳನ್ನು ನೆನಪಿನಿಂದಲೇ ಬರೆದು ಕಲಿಸಿದರು.

ಹೊರಹಾಕಿದ ಕಾಲೇಜೇ 1979ರಲ್ಲಿ ಅವರನ್ನು ಗೌರವ ಫೆಲೋ ಆಗಿ ಆರಿಸಿತು. ಅದಕ್ಕೆ 50 ವರ್ಷ ಬೇಕಾಯಿತು. ಎಂಪ್ಸನ್ 1984ರಲ್ಲಿ ತೀರಿಕೊಂಡರು. ಆದರೆ ಪಠ್ಯವನ್ನು ಪದಪದವಾಗಿ ಓದುವ ಆ ಕ್ರಮ ಅಷ್ಟು ಹೊತ್ತಿಗೆ ನವ್ಯ ವಿಮರ್ಶೆಯ ಮೂಲಕ ಕನ್ನಡದ ತರಗತಿಗಳಿಗೂ ಬಂದಿತ್ತು. ಕವಿಯ ಹೆಸರಿಗೆ ಮಣಿಯದೆ ಮೊದಲು ಕವಿತೆಯನ್ನು ಓದು ಎಂಬುದೇ ಅದರ ಪಾಠ.