ಹಾಯಿಹಡಗಿನ ಸಿಹಿನೀರು

‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಗಾದೆ. ಹಿಂದಿನ ಕಾಲದ ಹಾಯಿಹಡಗಿನ ನಾವಿಕನು ಇದನ್ನು ಕೇಳಿದ್ದರೆ ತನ್ನ ಪಾಡಿಗೆ ತಕ್ಕಂತೆ ಕೊಂಚ ತಿದ್ದಿಕೊಳ್ಳುತ್ತಿದ್ದನು. ಉಪ್ಪಿಗೆ ಅವನಲ್ಲಿ ಬಡತನವಿರಲಿಲ್ಲ. ಅವನು ತಿನ್ನುವ ಮಾಂಸವೂ ಉಪ್ಪು, ಉಡುವ ಬಟ್ಟೆಯೂ ಉಪ್ಪು. ಅವನ ಬಡತನವೆಲ್ಲ ಒಂದು ಲೋಟ ಸಿಹಿನೀರಿಗೆ.

ನೌಕಾಯಾನದ ಚರಿತ್ರೆಯನ್ನು ಬರೆದವರು ಹಾಯಿಯ ವಿಚಾರವನ್ನು ಹೇಳಿದ್ದಾರೆ, ದಿಕ್ಸೂಚಿಯ ವಿಚಾರವನ್ನು ಹೇಳಿದ್ದಾರೆ, ಫಿರಂಗಿಗಳನ್ನಂತೂ ಎಣಿಸಿ ಎಣಿಸಿ ಹೇಳಿದ್ದಾರೆ. ಆದರೆ ಹಡಗಿನ ತಳದ ಕತ್ತಲೆಯಲ್ಲಿ ಸಾಲುಸಾಲಾಗಿ ಮಲಗಿದ್ದ ನೀರಿನ ಪೀಪಾಯಿಗಳನ್ನು ಕುರಿತು ಅವರು ಬರೆದಿರುವುದು ಸ್ವಲ್ಪ. ಹಡಗು ಎತ್ತ ಹೋಗಬೇಕೆಂಬುದನ್ನು ಗಾಳಿಯು ನಿರ್ಣಯಿಸುತ್ತಿದ್ದಿತು, ನಿಜ. ಅದು ಎಷ್ಟು ದೂರ ಹೋಗಿ ಜೀವಸಹಿತ ಹಿಂದಿರುಗಬಹುದೆಂಬುದನ್ನು ನಿರ್ಣಯಿಸುತ್ತಿದ್ದುದು ಮಾತ್ರ ಈ ಪೀಪಾಯಿಗಳೇ. ಅವುಗಳ ಸೋರಿಕೆಯ ಕಥೆಯನ್ನು ಈ ಹೊತ್ತು ನಾವು ವಿಚಾರಮಾಡೋಣ.

ಮೊದಲು ಒಂದು ಸಣ್ಣ ಲೆಕ್ಕ. ಕುಡಿಯುವುದಕ್ಕೂ ಅಡಿಗೆಗೂ ಸೇರಿ ಒಬ್ಬನಿಗೆ ದಿನಕ್ಕೆ ಒಂದು ಗ್ಯಾಲನ್ ನೀರು ಬೇಕೆಂದು ಇಟ್ಟುಕೊಳ್ಳೋಣ. ಒಂದು ಗ್ಯಾಲನ್ ನೀರಿನ ತೂಕ 10 ಪೌಂಡು. 500 ಜನರಿರುವ ಯುದ್ಧದ ಹಡಗು ಮೂರು ತಿಂಗಳು ದಡ ಕಾಣದೆ ಸಂಚರಿಸಬೇಕಾದರೆ 45,000 ಗ್ಯಾಲನ್, ಅಂದರೆ ಸುಮಾರು 200 ಟನ್ ನೀರನ್ನು ಹೊತ್ತುಕೊಂಡೇ ಹೊರಡಬೇಕು. ಇಷ್ಟು ಭಾರವನ್ನು ಮೇಲೆ ಇಟ್ಟರೆ ಹಡಗು ಮಗುಚಿಕೊಳ್ಳುತ್ತದೆ. ಆದಕಾರಣ ನೀರಿನ ಪೀಪಾಯಿಗಳಿಗೆ ಹಡಗಿನ ಅತ್ಯಂತ ಕೆಳಗಿನ ಸ್ಥಳವೇ ಗತಿಯಾಯಿತು. ಜಲ್ಲಿಕಲ್ಲಿನ ಹಾಸಿನ ಮೇಲೆ ದೊಡ್ಡ ಪೀಪಾಯಿಗಳ ಒಂದು ಸಾಲು, ಅದರ ಮೇಲೆ ಇನ್ನೊಂದು ಸಾಲು. ತಳದ ಸಾಲಿನ ಪೀಪಾಯಿಗೆ ಏನಾಗಿದೆಯೆಂದು ಮೇಲಿನವನ್ನು ತೆಗೆಯದೆ ತಿಳಿಯುವಂತಿರಲಿಲ್ಲ. ಈ ಸಂಗತಿಯನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಅನರ್ಥಗಳೆಲ್ಲ ಇದರೊಳಗೇ ಅಡಗಿವೆ.

ಪೀಪಾಯಿಯನ್ನು ಮಾಡುವುದು ಸಾಮಾನ್ಯವಾದ ವಿದ್ಯೆಯಲ್ಲ. ಓಕ್ ಮರವನ್ನು ಸೀಳಿ, ಹಲಗೆಗಳನ್ನು ವರ್ಷಗಟ್ಟಲೆ ಗಾಳಿಯಲ್ಲಿ ಒಣಗಿಸಿ, ನಡುವೆ ಅಗಲ ತುದಿಯಲ್ಲಿ ಕಿರಿದಾಗುವಂತೆ ಕೆತ್ತಿ, ಬೆಂಕಿಯ ಕಾವಿನಲ್ಲಿ ಬಗ್ಗಿಸಿ, ಬಳೆ ತೊಡಿಸಿ ಬಿಗಿಯಬೇಕು. ಅಂಟಿಲ್ಲ, ಮೊಳೆಯಿಲ್ಲ. ಹಲಗೆಗೆ ಹಲಗೆ ಒತ್ತಿಕೊಂಡಿರುವ ಬಿಗಿಯೊಂದೇ ನೀರನ್ನು ತಡೆಯತಕ್ಕದ್ದು. ನೀರು ತುಂಬಿದಮೇಲೆ ಮರವು ಉಬ್ಬಿ ಸಂದುಗಳು ಇನ್ನೂ ಮುಚ್ಚಿಕೊಳ್ಳುತ್ತವೆ. ಹಾಗೆಯೇ ಪೀಪಾಯಿಯು ಖಾಲಿಯಾಗಿ ಒಣಗಿದರೆ ಸಂದು ಬಿಡುತ್ತದೆ. ಆದುದರಿಂದ ದೊಡ್ಡ ಹಡಗುಗಳಲ್ಲಿ ಪೀಪಾಯಿ ಕಟ್ಟುವ ಬಡಗಿಯೊಬ್ಬನು ಇದ್ದೇ ಇರುತ್ತಿದ್ದನು. ಸೋರುವ ಸಂದಿಗೆ ಒಣಗಿದ ಜೊಂಡಿನ ಎಲೆಯನ್ನು ಸೇರಿಸುವುದು, ಬಳೆಯನ್ನು ಸುತ್ತಿಗೆಯಿಂದ ಬಡಿದು ಕೆಳಕ್ಕಿಳಿಸಿ ಬಿಗಿಮಾಡುವುದು, ಕೆಟ್ಟ ಹಲಗೆಯನ್ನು ತೆಗೆದು ಬೇರೊಂದನ್ನು ಕೂಡಿಸುವುದು ಅವನ ಕೆಲಸ. ಬೇಡವಾದ ಪೀಪಾಯಿಯನ್ನು ಬಿಚ್ಚಿ ಹಲಗೆಗಳನ್ನು ಕಟ್ಟುಕಟ್ಟಿಟ್ಟು, ನದೀಮುಖ ಸಿಕ್ಕಿದಾಗ ಅವನ್ನೇ ಮತ್ತೆ ಜೋಡಿಸುತ್ತಿದ್ದನು. ಕಪ್ತಾನರ ಹೆಸರುಗಳು ದ್ವೀಪಗಳಿಗೂ ಜಲಸಂಧಿಗಳಿಗೂ ಸಂದಿವೆ. ಈ ಬಡಗಿಯ ಹೆಸರು ಹಡಗಿನ ಸಂಬಳದ ಪಟ್ಟಿಯನ್ನು ದಾಟಿ ಹೊರಗೆ ಬಂದುದು ಅಪರೂಪ.

ಪೀಪಾಯಿ ಸೋರದಿದ್ದರೂ ನೀರು ಕೆಡುತ್ತಿದ್ದಿತು. ಕೆಲವು ವಾರಗಳಲ್ಲೇ ಅದು ಪಾಚಿಗಟ್ಟಿ ನಾರುತ್ತಿದ್ದಿತು. 1520ನೆಯ ಇಸವಿಯ ನವೆಂಬರಿನಲ್ಲಿ ಮೆಗಲನ್ನನು ಪೆಸಿಫಿಕ್ ಸಾಗರವನ್ನು ಹೊಕ್ಕಾಗ ಅವನ ಜೊತೆಯಲ್ಲಿದ್ದ ಪಿಗಾಫೆಟ್ಟಾ ಎಂಬ ಇಟಲಿಯವನು, ತಾವು ಕುಡಿದ ನೀರು ಹಳದಿಗಟ್ಟಿ ಕೊಳೆತುಹೋಗಿದ್ದಿತೆಂದು ಬರೆದಿಟ್ಟಿದ್ದಾನೆ. 1785ರಲ್ಲಿ ಲೋವಿಟ್ಸ್ ಎಂಬ ರಸಾಯನಶಾಸ್ತ್ರಜ್ಞನು ಇದ್ದಿಲಿಗೆ ಕಲ್ಮಷವನ್ನು ಹೀರುವ ಗುಣವುಂಟೆಂದು ತೋರಿಸಿದ ಮೇಲೆ, ಪೀಪಾಯಿಯ ಒಳಮೈಯನ್ನು ಸುಟ್ಟು ಕರಿಮಾಡುವ ಉಪಾಯ ಬಳಕೆಗೆ ಬಂದಿತು. ಇದರಿಂದ ನೀರಿನ ವಾಸನೆ ತಗ್ಗಿತೇ ಹೊರತು ಸೋರಿಕೆಯ ಭಯ ತಗ್ಗಲಿಲ್ಲ.

ಈ ಸೋರಿಕೆಯು ಒಂದು ರಾಜ್ಯದ ಭಾಗ್ಯವನ್ನೇ ಹೇಗೆ ತಟ್ಟಬಲ್ಲುದೆಂಬುದಕ್ಕೆ ಸ್ಪೇನಿನ ಆರ್ಮಡಾ ಪ್ರಸಿದ್ಧವಾದ ನಿದರ್ಶನ. ಇಂಗ್ಲೆಂಡಿನ ಮೇಲೆ ದಂಡೆತ್ತಿಹೋಗಲು ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನು ಸಿದ್ಧನಾಗುತ್ತಿದ್ದಾಗ, 1587ರ ವಸಂತದಲ್ಲಿ ಡ್ರೇಕನು ಕಾಡಿಜ್ ಬಂದರಿಗೆ ನುಗ್ಗಿ ಹಡಗುಗಳನ್ನು ಸುಟ್ಟನು. ಈ ಸಾಹಸವನ್ನು ನಮ್ಮ ಶಾಲೆಯ ಹುಡುಗರೂ ಓದಿಬಲ್ಲರು. ಅದರ ತರುವಾಯ ನಡೆದುದನ್ನು ಬಲ್ಲವರು ಕಡಿಮೆ. ಡ್ರೇಕನು ಪೋರ್ಚುಗಲ್ಲಿನ ನೈಋತ್ಯದ ಮೂಲೆಯಲ್ಲಿ ಹೊಂಚುಹಾಕಿ, ತೀರದ ಉದ್ದಕ್ಕೂ ಓಡಾಡುತ್ತಿದ್ದ ಸಣ್ಣ ಹಡಗುಗಳನ್ನು ಒಂದೊಂದಾಗಿ ಹಿಡಿದನು. ಅವುಗಳಲ್ಲಿದ್ದುದು ಬೆಳ್ಳಿಬಂಗಾರವಲ್ಲ, ಪೀಪಾಯಿಯ ಬಳೆಗಳು ಮತ್ತು ಒಣಗಿಸಿ ಹದಮಾಡಿದ ಹಲಗೆಗಳು. ಅವನು ಅವನ್ನೆಲ್ಲ ಸುಟ್ಟು ಬೂದಿಮಾಡಿದನು. ಅದರ ತೂಕ 1,600 ಅಥವಾ 1,700 ಟನ್ ಇದ್ದಿತೆಂದು ಅವನದೇ ಅಂದಾಜು.

ಹಡಗನ್ನು ಸುಟ್ಟರೆ ಬೇರೊಂದನ್ನು ಕೊಳ್ಳಬಹುದು, ಬಾಡಿಗೆಗೆ ಹಿಡಿಯಬಹುದು. ಹದವಾಗಿ ಒಣಗಿದ ಮರಕ್ಕೆ ಕಾಲವೇ ಬೆಲೆ. ಯಾವ ದೊರೆಯ ಬೊಕ್ಕಸವೂ ಒಂದು ವರ್ಷದಲ್ಲಿ ಮೂರು ವರ್ಷದ ಬಿಸಿಲುಗಾಳಿಯನ್ನು ಕೊಳ್ಳಲಾರದು. ಸ್ಪೇನಿನವರು ಹಸಿಮರದಿಂದಲೇ ಪೀಪಾಯಿಗಳನ್ನು ಕಟ್ಟಿಸಬೇಕಾಯಿತು. ಹಸಿಮರ ಒಣಗುತ್ತ ಸೆಟೆದುಕೊಂಡಿತು, ಸಂದು ಬಿಟ್ಟಿತು. ಸುಮಾರು 130 ಹಡಗುಗಳು 1588ರ ಮೇ ತಿಂಗಳ ಕೊನೆಯಲ್ಲಿ ಲಿಸ್ಬನ್ನಿನಿಂದ ಹೊರಟವು. ಜೂನ್ ತಿಂಗಳಲ್ಲಿಯೇ, ಶತ್ರುವಿನ ಮುಖವನ್ನೂ ಕಾಣುವ ಮುನ್ನ, ದಂಡನಾಯಕನಾದ ಮೆದಿನಾ ಸಿದೋನಿಯಾ ಕೊರುನ್ನಾ ಬಂದರನ್ನು ಹೊಗಬೇಕಾಯಿತು. ಆಹಾರ ಕೊಳೆತಿದ್ದಿತು, ನೀರು ಸಾಲದಾಗಿದ್ದಿತು. ಆಗಸ್ಟಿನಲ್ಲಿ ಯುದ್ಧ ಕೈಗೂಡದೆ, ಸ್ಕಾಟ್ಲೆಂಡನ್ನು ಬಳಸಿಕೊಂಡು ಊರಿಗೆ ಹಿಂದಿರುಗುವುದೆಂದು ನಿಶ್ಚಯವಾದಾಗ, ಆಳೊಂದಕ್ಕೆ ದಿನಕ್ಕೆ ಅರ್ಧ ಪೌಂಡು ಬಿಸ್ಕತ್ತು, ಒಂದು ಪಿಂಟು ನೀರು, ಅರ್ಧ ಪಿಂಟು ದ್ರಾಕ್ಷಾರಸ ಮಾತ್ರವೆಂದು ಆಜ್ಞೆಯಾಯಿತು. ಪಿಂಟೆಂದರೆ ಗ್ಯಾಲನ್ನಿನಲ್ಲಿ ಎಂಟನೆಯ ಒಂದು ಪಾಲು. ದಂಡಿನ ಕುದುರೆಗಳನ್ನೂ ಹೇಸರಗತ್ತೆಗಳನ್ನೂ ಜೀವಸಹಿತವಾಗಿ ಸಮುದ್ರಕ್ಕೆ ತಳ್ಳಿದರು. ಅವಕ್ಕೆ ಕುಡಿಸಲು ನೀರಿರಲಿಲ್ಲ. ನೀರಿಗಾಗಿಯೂ ದುರಸ್ತಿಗಾಗಿಯೂ ಐರ್ಲೆಂಡಿನ ತೀರವನ್ನು ಸಮೀಪಿಸಿದ ಹಡಗುಗಳು ಬಿರುಗಾಳಿಗೆ ಸಿಕ್ಕಿ ಬಂಡೆಗಳಿಗೆ ಅಪ್ಪಳಿಸಿದವು. ಆ ತೀರದಲ್ಲಿ ಒಡೆದ ಹಡಗುಗಳು ಇಪ್ಪತ್ತಕ್ಕೂ ಹೆಚ್ಚು.

ಆರ್ಮಡಾದ ನಾಶಕ್ಕೆ ಪೀಪಾಯಿಯೊಂದೇ ಕಾರಣವೆಂದು ಹೇಳಿದರೆ ಅತ್ಯುಕ್ತಿಯಾದೀತು. ಇಂಗ್ಲಿಷರ ಫಿರಂಗಿಯೂ ಬಿರುಗಾಳಿಯೂ ಅದರಲ್ಲಿ ದೊಡ್ಡ ಪಾಲುಗಾರರೇ. ಆದರೂ ಕಾಡಿಜ್ ಬಂದರಿನಲ್ಲಿ ಉರಿದ ಹಡಗುಗಳಿಗಿಂತ ಈ ಹಲಗೆಗಳ ಬೆಂಕಿಯೇ ಸ್ಪೇನಿಗೆ ಹೆಚ್ಚು ಕೇಡುಮಾಡಿತೆಂದು ಇತಿಹಾಸಕಾರ ಗ್ಯಾರೆಟ್ ಮ್ಯಾಟಿಂಗ್ಲಿ 1959ರಲ್ಲಿ ವಾದಿಸಿದುದು ವಿಚಾರಯೋಗ್ಯವಾದ ಮಾತು.

ಆ ಕುದುರೆಗಳ ವಿಷಯ ಬಂದಾಗ ನಮಗೆ ನಮ್ಮ ವಿಜಯನಗರವೇ ನೆನಪಿಗೆ ಬರುತ್ತದೆ. ನಮ್ಮ ಅರಸರ ಕುದುರೆಗಳು ಹೊರ್ಮುಜಿನಿಂದಲೂ ಅರಬ್ಬಿ ದೇಶದಿಂದಲೂ ಹಾಯಿಹಡಗಿನಲ್ಲಿಯೇ ಪಶ್ಚಿಮ ಸಮುದ್ರವನ್ನು ದಾಟಿ ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿಯುತ್ತಿದ್ದವು. ಕುದುರೆಯೊಂದು ದಿನಕ್ಕೆ ಆರೇಳು ಗ್ಯಾಲನ್ ನೀರನ್ನು ಕುಡಿಯುತ್ತದೆ. ಆರೇಳು ಜನ ನಾವಿಕರ ಪಾಲು ಅದೊಂದಕ್ಕೇ ಬೇಕು. ದಾರಿಯಲ್ಲಿ ಅನೇಕ ಕುದುರೆಗಳು ಸಾಯುತ್ತಿದ್ದವು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಳುವ ನರಸಿಂಹನು ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಹಡಗಿನ ನೀರನ್ನು ನಂಬಿ ಕುದುರೆ ತರುವುದು ಎಂತಹ ಜೂಜೆಂಬುದನ್ನು ಅರಿತ ಅರಸನೇ ಹೀಗೆ ನಷ್ಟವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಾನು ಎಂದು ನಮಗೆ ತೋರುತ್ತದೆ.

ಇನ್ನು ಮರದಿಂದ ಕಬ್ಬಿಣಕ್ಕೆ ಬರೋಣ. 1804ರಲ್ಲಿ ಹಳಿಗಳ ಮೇಲೆ ಉಗಿಯಂತ್ರವನ್ನು ಓಡಿಸಿದ ರಿಚರ್ಡ್ ಟ್ರೆವಿಥಿಕ್ಕನ ಹೆಸರನ್ನು ನಾವೆಲ್ಲರೂ ಕೇಳಿದ್ದೇವೆ. ಅದೇ ಟ್ರೆವಿಥಿಕ್ಕನು ರಾಬರ್ಟ್ ಡಿಕಿನ್ಸನ್ ಎಂಬ ಪಾಲುಗಾರನೊಡನೆ ಹಡಗಿಗೆ ಕಬ್ಬಿಣದ ತೊಟ್ಟಿಗಳನ್ನು ಅಳವಡಿಸುವ ಉಪಾಯಕ್ಕೆ 1808ರಲ್ಲಿ ಪೇಟೆಂಟ್ ಪಡೆದನು. ಇದರ ಅನುಕೂಲವೇನೆಂಬುದನ್ನು ಲೆಕ್ಕವೇ ಹೇಳುತ್ತದೆ. ದುಂಡನೆಯ ಪೀಪಾಯಿಗಳನ್ನು ಒತ್ತಾಗಿ ಜೋಡಿಸಿದರೂ ನಡುನಡುವೆ ಕಾಲುಭಾಗದಷ್ಟು ಸ್ಥಳ ವ್ಯರ್ಥವಾಗುತ್ತದೆ. ಚೌಕಾಕಾರದ ತೊಟ್ಟಿಗಳು ಒಂದರ ಪಕ್ಕದಲ್ಲೊಂದು ಗೋಡೆಯ ಇಟ್ಟಿಗೆಗಳಂತೆ ಕೂಡುತ್ತವೆ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ತೊಟ್ಟಿಯೊಂದರಲ್ಲಿ 400 ಗ್ಯಾಲನ್ ನೀರು ಹಿಡಿಯುತ್ತದೆ. ಕಬ್ಬಿಣದಲ್ಲಿ ನೀರು ನಾರುವುದೂ ಇಲ್ಲ. 1815ರ ಸುಮಾರಿನಿಂದ ಇಂಗ್ಲಿಷ್ ನೌಕಾದಳವು ಈ ತೊಟ್ಟಿಗಳನ್ನು ಬಳಕೆಗೆ ತಂದುಕೊಂಡಿತು. ಅಷ್ಟರೊಳಗೆ, 1811ರಲ್ಲಿಯೇ, ಟ್ರೆವಿಥಿಕ್ಕನೂ ಡಿಕಿನ್ಸನ್ನನೂ ದಿವಾಳಿಯಾಗಿದ್ದರು.

ಕಬ್ಬಿಣಕ್ಕೆ ಕಬ್ಬಿಣದ ರೋಗವೇ ಇದ್ದಿತು. ಒಳಗೆ ತುಕ್ಕು ಹಿಡಿದು ನೀರು ಕೆಂಪಾಗುತ್ತಿದ್ದಿತು. ತುಕ್ಕು ತಿಂದಲ್ಲಿ ತೂತು ಬೀಳುತ್ತಿದ್ದಿತು. ತೊಟ್ಟಿಯನ್ನು ಬರಿದುಮಾಡಿ, ಅದರ ಕಿರುಬಾಯಿಯಿಂದ ಯಾರನ್ನಾದರೂ ಒಳಗಿಳಿಸಿ, ತುಕ್ಕನ್ನು ಕೆರೆಸಿ ಸುಣ್ಣ ಬಳಿಸಬೇಕು. ಪೀಪಾಯಿಯ ಬಡಗಿಯ ನಾಜೂಕಿನ ಕೆಲಸವು ಹೋಗಿ, ಉಸಿರುಕಟ್ಟುವ ಕತ್ತಲೆಯಲ್ಲಿ ಕುಳಿತು ಕೆರೆಯುವ ಕೆಲಸ ಬಂದಿತು. ಪಾತ್ರೆ ಬದಲಾಯಿತು, ಅದನ್ನು ಆಗಾಗ ನೋಡಿಕೊಳ್ಳಬೇಕೆಂಬ ನಿಯಮ ಬದಲಾಗಲಿಲ್ಲ.

ಸೋರಿಕೆಯಲ್ಲಿ ಎರಡು ಬಗೆ. ಒಳಗಿನ ಸಿಹಿನೀರು ಹೊರಕ್ಕೆ ಹೋಗುವುದು ಒಂದು. ಹೊರಗಿನ ಉಪ್ಪುನೀರು ಒಳಕ್ಕೆ ಬರುವುದು ಇನ್ನೊಂದು. ಮೊದಲನೆಯದರಲ್ಲಿ ನೀರು ಕಡಿಮೆಯಾಗುತ್ತದೆ; ಎರಡನೆಯದರಲ್ಲಿ ಪಾತ್ರೆ ತುಂಬಿರುವಂತೆಯೇ ಕಾಣುತ್ತದೆ, ಕುಡಿಯಲು ಆಗದು. ಈ ಎರಡನೆಯ ಬಗೆಗೆ 1916ರ ಒಂದು ನಿಜವೃತ್ತಾಂತವುಂಟು.

ದಕ್ಷಿಣಧ್ರುವದ ಹಿಮದಲ್ಲಿ ಸಿಕ್ಕಿ ಶ್ಯಾಕಲ್‌ಟನ್ನನ ಹಡಗು 1915ರಲ್ಲಿ ನುಚ್ಚುನೂರಾಗಿ ಮುಳುಗಿತು. ಅವನೂ ಅವನ ಜನರೂ ದೋಣಿಗಳಲ್ಲಿ ಎಲಿಫೆಂಟ್ ದ್ವೀಪವನ್ನು ಸೇರಿದರು. ಅಲ್ಲಿ 22 ಜನರನ್ನು ಬಿಟ್ಟು, ಸಹಾಯವನ್ನು ತರುವುದಕ್ಕಾಗಿ ಅವನು ಐವರೊಡನೆ 1916ರ ಏಪ್ರಿಲ್ 24ರಂದು 22 ಅಡಿಯ ಒಂದು ಹಾಯಿದೋಣಿಯಲ್ಲಿ ಹೊರಟನು. ದಕ್ಷಿಣ ಜಾರ್ಜಿಯಾ ದ್ವೀಪವು ಅಲ್ಲಿಂದ ಸುಮಾರು 800 ನಾವಿಕ ಮೈಲಿ. ದೋಣಿಯಲ್ಲಿದ್ದುದು ತಲಾ 18 ಗ್ಯಾಲನ್ನಿನ ಎರಡು ಪೀಪಾಯಿ ನೀರು, ಸ್ವಲ್ಪ ಮಂಜುಗಡ್ಡೆ. ಹೊರಡುವ ದಿನ ಸಾಮಾನನ್ನು ಏರಿಸುವಾಗ ಪೀಪಾಯಿಗಳಲ್ಲಿ ಒಂದಕ್ಕೆ ಪೆಟ್ಟು ತಗಲಿ, ಸಮುದ್ರದ ನೀರು ಅದರೊಳಕ್ಕೆ ಇಳಿದಿದ್ದಿತು. ಮೊದಲ ಪೀಪಾಯಿ ತೀರಿ ಎರಡನೆಯದನ್ನು ತೆರೆದಾಗ ನೀರು ಉಪ್ಪಾಗಿದ್ದಿತು. ಕುಡಿದಷ್ಟೂ ಬಾಯಾರಿಕೆ. ಅದನ್ನೂ ತೆಳುಬಟ್ಟೆಯಲ್ಲಿ ಸೋಸಿ ದಿನಕ್ಕೆ ಆಳಿಗೆ ಅರ್ಧ ಪಿಂಟಿನಂತೆ ಅಳೆದುಕೊಟ್ಟರು. ಮೇ 8ರಂದು ದ್ವೀಪವು ಕಣ್ಣಿಗೆ ಬಿದ್ದಿತು, ಬಿರುಗಾಳಿಯು ಇಳಿಯಗೊಡಲಿಲ್ಲ. ಎದುರಿಗೇ ನೆಲ, ನಾಲಗೆ ಊದಿ ಒಣಗಿದೆ, ಎರಡು ದಿನ ಅಲೆಯೊಡನೆ ಹೋರಾಟ. ಮೇ 10ರ ಸಂಜೆ ಅವರು ದಡ ಮುಟ್ಟಿದಾಗ ಕಾಲಬುಡದಲ್ಲಿಯೇ ತೊರೆಯೊಂದು ಹರಿಯುವ ಸದ್ದು ಕೇಳಿಸಿತು. ಆರು ಮಂದಿಯೂ ಮೊಣಕಾಲೂರಿ ಕುಡಿದರು. ದ್ವೀಪದಲ್ಲಿ ಉಳಿದಿದ್ದ 22 ಜನರೂ ಆಗಸ್ಟ್ 30ರಂದು ಪಾರಾದರು. ಒಡೆದ ಪೀಪಾಯಿಯ ಜೊತೆಗೆ ಇನ್ನೊಂದು ಇಲ್ಲದೆಹೋಗಿದ್ದರೆ ಈ 28 ಜೀವಗಳ ಗತಿ ಏನಾಗುತ್ತಿದ್ದಿತೋ ಊಹಿಸುವುದೇ ಕಷ್ಟ.

ಹಾಯಿಯನ್ನೇ ನಂಬಿದ ಯುದ್ಧದ ಹಡಗುಗಳ ಕಾಲ ಮುಗಿದುಹೋಯಿತು. ಆದರೆ ಚಿಕ್ಕ ಹಾಯಿದೋಣಿಗಳಲ್ಲಿ ಮಹಾಸಾಗರವನ್ನು ದಾಟುವವರು ಇಂದಿಗೂ ಇದ್ದಾರೆ. ಅವರ ತೊಟ್ಟಿಗಳು ತುಕ್ಕುಹಿಡಿಯದ ಉಕ್ಕಿನವು, ಪ್ಲಾಸ್ಟಿಕ್ಕಿನವು, ಇಲ್ಲವೆ ರಬ್ಬರಿನಂತಹ ವಸ್ತುವಿನ ಚೀಲಗಳು. ತುಕ್ಕುಹಿಡಿಯದ ಉಕ್ಕೂ ಬೆಸುಗೆಯ ಸಾಲಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಸೋರುವುದುಂಟು. ಇಂತಹ ದೋಣಿಯ ತಳದಲ್ಲಿ ನೀರು ಕಂಡೊಡನೆ ಅನುಭವಸ್ಥನು ಮೊದಲು ಮಾಡುವುದು ಬೆರಳದ್ದಿ ನಾಲಗೆಗೆ ಮುಟ್ಟಿಸುವುದು. ಉಪ್ಪಾದರೆ ಸೋರುತ್ತಿರುವುದು ದೋಣಿ. ಸಪ್ಪೆಯಾದರೆ ಸೋರುತ್ತಿರುವುದು ತೊಟ್ಟಿ. ತೊಟ್ಟಿಯಾದರೆ ತೊಡಕು ಹೆಚ್ಚು. ಎಷ್ಟೋ ದೋಣಿಗಳಲ್ಲಿ ತೊಟ್ಟಿಯನ್ನು ಮೊದಲೇ ಕೂರಿಸಿ, ಅದರ ಮೇಲೆ ನೆಲವನ್ನೂ ಆಸನಗಳನ್ನೂ ಕಟ್ಟಿರುತ್ತಾರೆ. ಅದನ್ನು ಹೊರತೆಗೆಯಬೇಕಾದರೆ ಅರ್ಧ ದೋಣಿಯನ್ನೇ ಕೊಯ್ಯಬೇಕು. ತೇಪೆ ಹಾಕಿದರೆ ನಡುಗಡಲಿನಲ್ಲಿ ನಿಂತೀತೇ, ಹೊಸದನ್ನು ಹಾಕಿಸಿದರೆ ಖರ್ಚು ತಡೆದೀತೇ ಎಂಬ ಚಿಂತೆ ಯಜಮಾನನನ್ನು ಬಾಧಿಸುತ್ತದೆ. ಇಲ್ಲಿ ಹಳೆಯ ನಾವಿಕರ ಅನುಭವವು ಎರಡು ಮಾತನ್ನು ಹೇಳುತ್ತದೆ: ಎಲ್ಲ ನೀರನ್ನೂ ಒಂದೇ ಪಾತ್ರೆಯಲ್ಲಿಡಬಾರದು, ತೆರೆದು ನೋಡಲಾಗದ ಸ್ಥಳದಲ್ಲಿ ಪಾತ್ರೆಯನ್ನು ಇಡಬಾರದು. ಆರ್ಮಡಾದ ಪೀಪಾಯಿಗಳೂ ಶ್ಯಾಕಲ್‌ಟನ್ನನ ಪೀಪಾಯಿಯೂ ಕೆಟ್ಟುದು ಒಂದು ದಿನ, ತಿಳಿದುಬಂದುದು ಇನ್ನೊಂದು ದಿನ. ಈ ಎರಡು ದಿನಗಳ ನಡುವಿನ ಅಜ್ಞಾನವೇ ಪ್ರಾಣಕ್ಕೆ ಮುಳುವಾದುದು.

ಕೊಳಾಯಿಯನ್ನು ತಿರುಗಿಸಿದೊಡನೆ ನೀರು ಬರುವ ಪಟ್ಟಣದಲ್ಲಿ ವಾಸಮಾಡುವ ನಮಗೆ ಇದೆಲ್ಲ ದೂರದ ಮಾತಾಗಿ ತೋರಬಹುದು. ಆದರೂ ಇನ್ನು ಮೇಲೆ ಬಿಳಿಯ ಹಾಯಿಗಳನ್ನು ಬಿಚ್ಚಿಕೊಂಡು ನಿಂತ ಹಡಗಿನ ಚಿತ್ರವೊಂದು ನಮ್ಮ ಕಣ್ಣಿಗೆ ಬಿದ್ದಾಗ, ನೀರಿನ ಗೆರೆಯ ಕೆಳಗೆ, ಚಿತ್ರಕಾರನು ಬರೆಯದೆ ಬಿಟ್ಟ ಕತ್ತಲೆಯಲ್ಲಿ, ದೀಪ ಹಿಡಿದು ಪೀಪಾಯಿಯಿಂದ ಪೀಪಾಯಿಗೆ ಬಗ್ಗಿ ಸಂದುಗಳನ್ನು ಕೈಯಿಂದ ಸವರಿ ನೋಡುತ್ತಿರುವ ಆ ಬಡಗಿಯನ್ನೂ ಒಮ್ಮೆ ನೆನೆಯೋಣ.