ಮಲಪ್ರಭಾ ಪ್ರಾಂತದಲ್ಲಿ ಕ್ರೈಸ್ತ ಪಂಥಭೇದ: ಉತ್ತರಪಕ್ಷವೂ ಪೂರ್ವಪಕ್ಷವೂ

ಶಾಸ್ತ್ರವಿಚಾರದಲ್ಲಿ ಪೂರ್ವಪಕ್ಷವು ಮೊದಲು, ಉತ್ತರಪಕ್ಷವು ಅನಂತರ ಬರುವುದು ಕ್ರಮ. ಯುರೋಪ ಖಂಡದಲ್ಲಿ ಕ್ರೈಸ್ತಮತವು ಎರಡಾಗಿ ಸೀಳಿದ ಸಂದರ್ಭದಲ್ಲಿಯೂ ಈ ಕ್ರಮವೇ ನಡೆಯಿತು. ಕ್ರಿ. ಶ. ೧೫೧೭ರಲ್ಲಿ ಜರ್ಮನಿಯ ವಿಟೆನ್‌ಬರ್ಗದಲ್ಲಿ ಮಾರ್ಟಿನ್ ಲೂಥರನು ಪಾಪಕ್ಷಮಾಪತ್ರಗಳ ವಿಕ್ರಯವನ್ನು ಆಕ್ಷೇಪಿಸಿ ೯೫ ಪ್ರತಿಜ್ಞಾವಾಕ್ಯಗಳನ್ನು ಪ್ರಕಟಿಸಿದನು. ೧೫೨೨ರಲ್ಲಿ ಹೊಸ ಒಡಂಬಡಿಕೆಯನ್ನು ತನ್ನ ದೇಶಭಾಷೆಗೆ ತಂದನು. ರೋಮಿನ ಪಕ್ಷವು ಇದಕ್ಕೆ ಉತ್ತರವಿತ್ತುದು ೧೫೪೫ರಿಂದ ೧೫೬೩ರ ವರೆಗೆ ನಡೆದ ಟ್ರೆಂಟ್ ಮಹಾಸಭೆಯ ನಿರ್ಣಯಗಳಿಂದ, ೧೫೪೦ರಲ್ಲಿ ಪೋಪನ ಮನ್ನಣೆ ಪಡೆದ ಯೇಸುಸಭೆಯಿಂದ, ೧೬೨೨ರಲ್ಲಿ ರೋಮಿನಲ್ಲಿ ಏರ್ಪಟ್ಟ ಮತಪ್ರಚಾರ ಪರಿಷತ್ತಿನಿಂದ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೊಳಗೊಂಡ ಮಲಪ್ರಭೆಯ ನಾಡಿನಲ್ಲಿ ಈ ಕ್ರಮವು ತಿರುವುಮುರುವಾಯಿತು. ಇಲ್ಲಿಗೆ ಉತ್ತರಪಕ್ಷವು ಹೆಚ್ಚುಕಡಿಮೆ ಎರಡು ಶತಮಾನ ಮೊದಲೇ ಬಂದಿತು. ಪೂರ್ವಪಕ್ಷವು ಬರುವ ಹೊತ್ತಿಗೆ ಅದರ ಮುಖ್ಯವಾದ ಆಯುಧಕ್ಕೆ ಈ ನೆಲದಲ್ಲಿ ಮೊನೆಯಿರಲಿಲ್ಲ.

ಸಹ್ಯಾದ್ರಿಯ ಆಚೆಗಿರುವ ಗೋವೆಯನ್ನು ಪೋರ್ತುಗೀಜರು ೧೫೧೦ರಲ್ಲಿ ವಿಜಾಪುರದವರಿಂದ ಕಿತ್ತುಕೊಂಡರು. ಯೇಸುಸಭೆಯ ಫ್ರಾನ್ಸಿಸ್ ಝೇವಿಯರನು ಅಲ್ಲಿಗೆ ಬಂದುದು ೧೫೪೨ರಲ್ಲಿ. ಅದೇ ಸಭೆಯವರ ಮೂಲಕ ೧೫೫೬ರಲ್ಲಿ ಭಾರತದ ಮೊದಲ ಅಚ್ಚುಕೂಟವು ಅಲ್ಲಿ ನಡೆಯತೊಡಗಿತು. ಯುರೋಪಿನ ಕಲಹವು ಒಬ್ಬ ಮನುಷ್ಯನ ಬಾಳಿನಲ್ಲಿ ಹೇಗೆ ಈ ಕಡಲತೀರಕ್ಕೆ ತೇಲಿಬಂದಿತೆಂಬುದಕ್ಕೆ ಥಾಮಸ್ ಸ್ಟೀಫನ್ಸನೇ ನಿದರ್ಶನ. ಇಂಗ್ಲೆಂಡು ಎಲಿಜಬೆತ್ ರಾಣಿಯ ಆಳಿಕೆಯಲ್ಲಿ ಪ್ರಾಟೆಸ್ಟಂಟ್ ರಾಜ್ಯವಾಗಿದ್ದುದರಿಂದ ರೋಮಿಗೆ ಹೋಗಿ ಯೇಸುಸಭೆಯನ್ನು ಸೇರಿದ ಆ ಆಂಗ್ಲನು ೧೫೭೯ರಲ್ಲಿ ಗೋವೆಗೆ ಬಂದು, ಓವೀಛಂದಸ್ಸಿನಲ್ಲಿ ಮರಾಠಿಯ ಕ್ರಿಸ್ತಪುರಾಣವನ್ನು ರಚಿಸಿದನು. ಅದು ೧೬೧೬ರಲ್ಲಿ ಅಚ್ಚಾಯಿತು. ಲೂಥರನು ಮೂಲಗ್ರಂಥವನ್ನೇ ಜನಭಾಷೆಗೆ ಇಳಿಸಿದನು. ಇವನು ಗ್ರಂಥವನ್ನು ಹಾಗೆಯೇ ಬಿಟ್ಟು ಕಥೆಯನ್ನು ಪುರಾಣವಾಗಿ ಹಾಡಿದನು. ಟ್ರೆಂಟ್ ಸಭೆಯು ೧೫೪೬ರಲ್ಲಿ ಲ್ಯಾಟಿನ್ ಪಾಠವನ್ನೇ ಪ್ರಮಾಣವೆಂದು ನಿರ್ಣಯಿಸಿದ ಮೇಲೆ ಕ್ಯಾಥೊಲಿಕರಿಗೆ ಸುಗಮವಾಗಿ ತೋರಿದ ಮಾರ್ಗವಿದು. ವೇದವನ್ನು ಮುಟ್ಟದೆ ಪುರಾಣಮುಖದಿಂದ ಜನಕ್ಕೆ ಧರ್ಮವನ್ನು ತಿಳಿಸುವ ರೂಢಿಯುಳ್ಳ ನಮ್ಮ ದೇಶದವರಿಗೆ ಇದು ಹೊಸದಾಗಿ ತೋರಲಾರದು.

ಘಟ್ಟದ ಮೇಲಣ ನಾಡಿಗೆ ರೋಮಿನ ಅಧಿಕಾರವು ಹೆಸರುಗೊಂಡು ಬಂದುದು ೧೬೩೭ರ ಸುಮಾರಿಗೆ. ಗೋವೆಯ ದಿವಾರ ದ್ವೀಪದ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಮಾತೆಯೊ ಡಿ ಕಾಸ್ತ್ರೊ ಎಂಬವನಿಗೆ ಗೋವೆಯಲ್ಲಿ ಪಾದ್ರಿಯ ದೀಕ್ಷೆ ದೊರೆಯಲಿಲ್ಲ. ಆತನು ರೋಮಿಗೆ ಹೋಗಿ ದೀಕ್ಷೆ ಪಡೆದು, ಮತಪ್ರಚಾರ ಪರಿಷತ್ತಿನ ಆಶ್ರಯದಿಂದ ಬಿಷಪ್ ಪದವಿಗೇರಿ, ವಿಜಾಪುರ ರಾಜ್ಯಕ್ಕೆ ಪೋಪನ ಪ್ರತಿನಿಧಿಯಾಗಿ ನಿಯಮಿತನಾದನು. ರೋಮಿನ ಬರಹಗಳಲ್ಲಿ ಈ ಅಧಿಕಾರಕ್ಷೇತ್ರಕ್ಕೆ ‘ಇದಲ್ಕಾನ್’ ಎಂದು ಹೆಸರು. ಆದಿಲಖಾನ ಎಂಬುದು ಪೋರ್ತುಗೀಜರ ಬಾಯಲ್ಲಿ ಸವೆದ ರೂಪವಿದು. ತೊರಗಲ್ಲು, ಸಂಪಗಾಂವಿ, ಸವದತ್ತಿಗಳ ಸೀಮೆಯೆಲ್ಲವೂ ಆಗ ಆದಿಲಶಾಹಿಗೆ ಸೇರಿದುದರಿಂದ, ಯೇಸುವಿನ ಹೆಸರನ್ನೂ ಕೇಳದಿದ್ದ ಇಲ್ಲಿನ ಒಕ್ಕಲುಮಕ್ಕಳು ಕಾಗದದ ಮೇಲೆ ಒಬ್ಬ ಬಿಷಪ್ಪನ ಕ್ಷೇತ್ರದೊಳಗಾದರು!

ಈ ಕಾಸ್ತ್ರೊವಿನ ಚರಿತ್ರೆಯು ಪಾಠಪುಸ್ತಕಗಳ ಸರಳವಾದ ವಿಭಾಗವನ್ನು ಕೆಡಿಸತಕ್ಕದ್ದಾಗಿದೆ. ಗೋವೆಯ ಪೋರ್ತುಗೀಜ ಅಧಿಕಾರಿಗಳು ಪೂರ್ವದೇಶಗಳ ಚರ್ಚುಗಳ ಮೇಲೆ ತಮ್ಮ ಅರಸನಿಗೇ ಹಕ್ಕೆಂದು ವಾದಿಸಿ ಆತನನ್ನು ಅಂಗೀಕರಿಸಲಿಲ್ಲ. ಆತನು ವಿಜಾಪುರದ ಸುಲ್ತಾನನ ನೆರಳಿನಲ್ಲಿ ಡಿಚೋಲಿಯಲ್ಲಿ ನೆಲಸಿ, ಗೋವೆಯ ಬ್ರಾಹ್ಮಣ ಕ್ರೈಸ್ತರನ್ನು ಪೋರ್ತುಗೀಜರ ವಿರುದ್ಧ ಎಚ್ಚರಿಸುವ ಲೇಖವನ್ನು ೧೬೫೩ರಲ್ಲಿ ಬರೆದನು. ಅದೇ ಕಾಲದಲ್ಲಿ ಪ್ರಾಟೆಸ್ಟಂಟರಾದ ಡಚ್ಚರು ವಿಜಾಪುರದವರ ಅನುಮತಿಯಿಂದ ವೆಂಗುರ್ಲೆಯಲ್ಲಿ ವಖಾರಿಯನ್ನಿಟ್ಟಿದ್ದರು. ಕಾಸ್ತ್ರೊ ಇವರೊಡನೆಯೂ ಸುಲ್ತಾನನೊಡನೆಯೂ ಕೂಡಿ ಗೋವೆಯನ್ನು ಕೆಡಹಲು ಹವಣಿಸಿದನೆಂದು ಪೋರ್ತುಗೀಜರು ಆರೋಪ ಹೊರಿಸಿದರು. ಆರೋಪದಲ್ಲಿ ಸತ್ಯವೆಷ್ಟೇ ಇರಲಿ, ಪೋಪನು ಕಳಿಸಿದ ಬಿಷಪ್ಪನು ಪೋಪನ ಭಕ್ತರಾದ ಪೋರ್ತುಗೀಜರಿಗೆ ಶತ್ರುವಾಗಿ, ಮುಸಲ್ಮಾನ ದೊರೆಯ ಆಶ್ರಿತನಾಗಿ, ಲೂಥರನ ಕಡೆಯವರ ಮಿತ್ರನೆನಿಸಿಕೊಂಡನು. ಯುರೋಪಿನ ಪಂಥಭೇದವು ಈ ನಾಡಿನ ರಾಜಕಾರಣದಲ್ಲಿ ಬೆರೆತೊಡನೆ ಅದರ ಗೆರೆಗಳು ಅಳಿಸಿಹೋದುವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಡಚ್ಚರಾದರೂ ಇಲ್ಲಿಗೆ ಬಂದುದು ಮೆಣಸಿಗಾಗಿ, ಮತಕ್ಕಾಗಿಯಲ್ಲ.

ದಕ್ಷಿಣದ ಮೈಸೂರು ಸೀಮೆಯಲ್ಲಿ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿಯು ೧೭ನೆಯ ಶತಮಾನದ ನಡುವಿನಲ್ಲಿ ಸಂನ್ಯಾಸಿಯ ವೇಷದಿಂದ ಸಂಚರಿಸಿ ಕನ್ನಡಕ್ಕೆ ವ್ಯಾಕರಣವನ್ನೂ ಕೋಶವನ್ನೂ ಬರೆದನು. ಅವು ಅಚ್ಚಿಗೆ ಬರಲಿಲ್ಲ. ೧೭೭೩ರಲ್ಲಿ ಪೋಪನೇ ಯೇಸುಸಭೆಯನ್ನು ರದ್ದುಮಾಡಿದ ಮೇಲೆ ಆ ಪರಂಪರೆಯು ಕಡಿದುಹೋಯಿತು.

ಪೂರ್ವಪಕ್ಷದ ಆಗಮನವು ಇಂಗ್ಲಿಷರ ರಾಜ್ಯದೊಡನೆ ಆಯಿತು. ೧೮೧೩ರ ಸನದು ಪಾದ್ರಿಗಳಿಗೆ ದಾರಿಯನ್ನು ತೆರೆಯಿತು. ೧೮೧೮ರಲ್ಲಿ ಬೆಳಗಾವಿಯು ಇಂಗ್ಲಿಷರ ಕೈಸೇರಿತು. ೧೮೨೦ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರನು ಬಳ್ಳಾರಿಯಿಂದ ಅಲ್ಲಿಗೆ ಬಂದನು. ಆಗ್ನೇಯ ದಿಕ್ಕಿಗೆ, ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನವರು ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಕಿತ್ತೂರು ಬೈಲಹೊಂಗಲಗಳು ಈ ಎರಡು ಠಾಣ್ಯಗಳ ನಡುವಿನ ದಾರಿಯಲ್ಲಿ ಬಿದ್ದುವು. ೧೮೨೪ರ ಕಿತ್ತೂರಿನ ಯುದ್ಧಕ್ಕೆ ಮತಪ್ರಚಾರವೂ ಒಂದು ಕಾರಣವೆಂದು ಕೆಲವರು ಊಹಿಸುವುದುಂಟು, ಇದಕ್ಕೆ ಆಧಾರವಿಲ್ಲ. ಥ್ಯಾಕರೆಯೊಡನೆ ಹುಟ್ಟಿದ ವಿವಾದವು ದತ್ತಕದ್ದು ಮತ್ತು ಖಜಾನೆಯದು. ರಾಣಿ ಚೆನ್ನಮ್ಮನು ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡುದು ಸಂಸ್ಥಾನದ ಹಕ್ಕಿಗಾಗಿ.

ಟೇಲರನು ಬೆಳಗಾವಿಗೆ ಬಂದ ಮೂರೇ ವರ್ಷಗಳಲ್ಲಿ, ಎಂದರೆ ೧೮೨೩ರಲ್ಲಿ, ಯುರೋಪಿನ ಹಳೆಯ ವಾದವು ಕನ್ನಡನಾಡನ್ನೇ ವಿಷಯವಾಗಿ ಮಾಡಿಕೊಂಡು ಲಂಡನ್ನಿನಲ್ಲಿ ಮತ್ತೆ ಕೆರಳಿತು. ಮೈಸೂರು ಸೀಮೆಯಲ್ಲಿ ಬಹುಕಾಲವಿದ್ದು ‘ದೊಡ್ಡ ಸ್ವಾಮಿ’ ಎನಿಸಿಕೊಂಡ ಫ್ರೆಂಚ್ ಪಾದ್ರಿ ಅಬ್ಬೆ ಡುಬಾಯನು ಭಾರತದ ಕ್ರೈಸ್ತಮತದ ಸ್ಥಿತಿಯನ್ನು ಕುರಿತು ಪತ್ರಗಳನ್ನು ಪ್ರಕಟಿಸಿದನು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಅಸಾಧ್ಯ, ಬೈಬಲನ್ನು ದೇಶಭಾಷೆಗಳಿಗೆ ತಿರುಗಿಸಿ ಹಂಚುವುದು ನಿಷ್ಫಲ ಮಾತ್ರವಲ್ಲದೆ ಹಾನಿಕರವೆಂದು ಆತನ ಸಿದ್ಧಾಂತ. ತಪ್ಪಿಹೋದ ಮಗನು ಮರಳಿ ಬಂದಾಗ ತಂದೆಯು ಕೊಬ್ಬಿದ ಕರುವನ್ನು ಕೊಯ್ಯಿಸಿದ ಕಥೆಯನ್ನು ಓದಿದ ಹಿಂದೂವು ಪುಸ್ತಕವನ್ನು ಮುಚ್ಚಿಬಿಡುವನೆಂಬುದು ಆತನ ಯುಕ್ತಿಗಳಲ್ಲೊಂದು. ಜೇಮ್ಸ್ ಹಫ್ ಮೊದಲಾದ ಪ್ರಾಟೆಸ್ಟಂಟರು ಮರುವರ್ಷವೇ ಖಂಡನಗ್ರಂಥಗಳನ್ನು ಬರೆದರು. ಟ್ರೆಂಟ್ ಸಭೆಯ ಎಚ್ಚರಿಕೆಯೂ ವಿಟೆನ್‌ಬರ್ಗದ ಉತ್ಸಾಹವೂ ಇಲ್ಲಿ ಮತ್ತೊಮ್ಮೆ ಎದುರುಬದುರಾದುವು. ಡುಬಾಯನ ಮಾತಿನಲ್ಲಿ ಅರ್ಧ ಸತ್ಯವಿದೆ. ಮೊದಮೊದಲಿನ ಭಾಷಾಂತರಗಳ ಶೈಲಿಯು ಸೊಗಸಾದುದಲ್ಲ. ಆದರೆ ಬಳ್ಳಾರಿಯ ಜಾನ್ ಹ್ಯಾಂಡ್ಸನು ಆರಂಭಿಸಿದ ಕನ್ನಡ ಬೈಬಲು ೧೮೩೧ರಲ್ಲಿ ಪೂರ್ಣವಾದ ಮೇಲೆ ಬಾಸೆಲ್ಲಿನ ಪಂಡಿತರು ಅದನ್ನು ತಿದ್ದುತ್ತಲೇ ಹೋದರು. ತಿದ್ದುವವನಿಗೆ ಭಾಷೆಯು ವಶವಾಗುವುದನ್ನು ಆತನು ಗಣಿಸಲಿಲ್ಲ.

ಹೀಗಿದ್ದರೂ ಪ್ರಾಟೆಸ್ಟಂಟರಿಗೆ ಈ ಸೀಮೆಯಲ್ಲಿ ದೊರೆತ ಅನುಯಾಯಿಗಳು ಅಲ್ಪ. ಇದಕ್ಕೆ ಕಾರಣವನ್ನು ಡುಬಾಯನಂತೆ ಹಿಂದೂಗಳ ಸ್ವಭಾವದಲ್ಲಿ ಹುಡುಕದೆ ಈ ನೆಲದ ಇತಿಹಾಸದಲ್ಲಿ ಹುಡುಕಬೇಕು. ಜರ್ಮನಿಯಲ್ಲಿ ದೇವರ ಮಾತು ಜನಭಾಷೆಯಲ್ಲಿ ಕೇಳಿಸಿದಾಗ ಅದೊಂದು ವಿಪ್ಲವವಾಯಿತು. ಮಲಪ್ರಭೆಯ ದಡದಲ್ಲಿ ಅದು ವಿಪ್ಲವವಾಗುವಂತಿರಲಿಲ್ಲ. ಕಲ್ಯಾಣದಿಂದ ಉಳವಿಗೆ ನಡೆದ ಶರಣರ ದಾರಿಯು ಈ ಸೀಮೆಯ ಮೇಲೆಯೇ ಹಾಯ್ದುದೆಂದು ಐತಿಹ್ಯ; ಮುಗುಟಖಾನ ಹುಬ್ಬಳ್ಳಿಯ ಹೊಳೆಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ಜನರು ಪೂಜಿಸುತ್ತಾರೆ. ವಚನ, ಸ್ವರವಚನ, ತತ್ತ್ವಪದ, ದಾಸರ ಪದಗಳು ಮಠದಲ್ಲಿಯೂ ಭಜನೆಯಲ್ಲಿಯೂ ಕನ್ನಡದಲ್ಲಿಯೇ ಕೇಳಿಬರುತ್ತಿದ್ದುವು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಹಾಡುತ್ತಿದ್ದುದೂ ತಮ್ಮ ಮಾತಿನಲ್ಲಿಯೇ. ದೇಶಭಾಷೆಯ ಧರ್ಮಗ್ರಂಥವೆಂಬ ಲೂಥರನ ಆಯುಧವು ಇಲ್ಲಿ ಮನೆಯಲ್ಲಿದ್ದ ಕುಡುಗೋಲಿನಂತೆ ಪರಿಚಿತವಾಗಿತ್ತು.

ಈ ಸಾಮ್ಯವನ್ನೇ ಹಿಡಿದು ಬಸವೇಶ್ವರನನ್ನು ಕನ್ನಡದ ಲೂಥರನೆಂದು ಕರೆಯುವ ವಾಡಿಕೆ ಹುಟ್ಟಿದೆ. ಇದು ಸರಿಯಲ್ಲ. ಲೂಥರನಿಗಿಂತ ಬಸವೇಶ್ವರನು ಮೂರೂವರೆ ಶತಮಾನದಷ್ಟು ಹಿಂದಿನವನೆಂಬುದು ಹಾಗಿರಲಿ. ಲೂಥರನ ಕಲಹವು ಒಬ್ಬನೇ ಪೀಠಾಧಿಪತಿಯೂ ಒಂದೇ ಗ್ರಂಥವೂ ಉಳ್ಳ ಸಂಸ್ಥೆಯೊಳಗಣ ಕಲಹ. ಆದುದರಿಂದಲೇ ಅದಕ್ಕೆ ಟ್ರೆಂಟಿನಂತಹ ಒಂದು ಸಭೆಯು ಉತ್ತರವಿತ್ತೀತು. ಇಲ್ಲಿ ಅಂತಹ ಪೀಠವೂ ಇರಲಿಲ್ಲ, ಅಂತಹ ಸಭೆಯೂ ಕೂಡಲಿಲ್ಲ. ಮೇಲಾಗಿ ಲೂಥರನು ಪ್ರಾಮಾಣ್ಯವನ್ನು ಪೋಪನಿಂದ ಕಿತ್ತು ಗ್ರಂಥದಲ್ಲಿಟ್ಟನು. ಶರಣರು ಅದನ್ನು ಅನುಭಾವದಲ್ಲಿಟ್ಟರು. ಉಪಮಾನೋಪಮೇಯಗಳಿಗೆ ಸಾಧಾರಣಧರ್ಮವು ದೇಶಭಾಷೆಯೊಂದೇ.

ಮಿಶನ್ನಿನವರು ಇದನ್ನು ತಡವಾಗಿಯಾದರೂ ಅರಿತಂತೆ ತೋರುತ್ತದೆ. ಬೋಧಿಸಬಂದ ಮೋಗ್ಲಿಂಗನು ೧೮೪೮ರಿಂದ ೧೮೫೩ರ ವರೆಗೆ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸಿದನು. ಕಿಟೆಲನ ನಿಘಂಟು ೧೮೯೪ರಲ್ಲಿ ಹೊರಬಂದಿತು. ಬೆಳಗಾವಿಯ ಲಂಡನ್ ಮಿಶನ್ನು ತನ್ನ ಕಾರ್ಯವನ್ನು ೧೯೦೪ರಲ್ಲಿ ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿತು. ಕ್ಯಾಥೊಲಿಕರ ಕಡೆಯಲ್ಲಿ, ೧೯೫೩ರಲ್ಲಿ ಬೆಳಗಾವಿಯು ಪ್ರತ್ಯೇಕ ಧರ್ಮಪ್ರಾಂತವಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು (೧೯೬೨–೬೫) ಪೂಜೆಯನ್ನು ದೇಶಭಾಷೆಯಲ್ಲಿ ಮಾಡಲು ಅನುಮತಿಯಿತ್ತಿತು. ನಾಲ್ಕು ಶತಮಾನ ಕಳೆದ ಮೇಲೆ ಉತ್ತರಪಕ್ಷವು ಪೂರ್ವಪಕ್ಷದ ಒಂದು ಮಾತನ್ನು ಒಪ್ಪಿಕೊಂಡಂತಾಯಿತು.

ಎರಡು ಪಕ್ಷಗಳ ಗುರುತು ಇಂದಿಗೂ ಕನ್ನಡ ಶಬ್ದಗಳಲ್ಲಿ ಉಳಿದಿದೆ. ಪ್ರಾಟೆಸ್ಟಂಟರು ‘ಸುವಾರ್ತೆ’ ಎಂದುದನ್ನು ಕ್ಯಾಥೊಲಿಕರು ‘ಶುಭಸಂದೇಶ’ ಎನ್ನುತ್ತಾರೆ. ಅವರ ‘ಯೋಹಾನ’ನು ಇವರಿಗೆ ‘ಯೊವಾನ್ನ’. ಅವರ ‘ಸಭೆ’ಯು ಇವರಲ್ಲಿ ‘ಧರ್ಮಸಭೆ’. ಆದರೆ ಜನರ ಬಾಯಲ್ಲಿ ನಿಂತ ಶಬ್ದವು ಇವಾವುವೂ ಅಲ್ಲ. ಗೋವೆಯ ಕ್ಯಾಥೊಲಿಕರೊಡನೆ ಬಂದ ‘ಪಾದ್ರಿ’ ಎಂಬ ಪೋರ್ತುಗೀಜ ಶಬ್ದವನ್ನು ಹಳ್ಳಿಗರು ಲೂಥರನ ಅನುಯಾಯಿಗೂ ಭೇದವೆಣಿಸದೆ ಹಚ್ಚಿದರು.