ಕಡಲಾಚೆಗೆ ಹೋದ ಗೌರಮ್ಮ

ಮೊನ್ನೆ ನಮ್ಮ ಗುತ್ತಲದಲ್ಲಿ ಪಕ್ಕದ ಮನೆಯ ಹುಡುಗ ಜರ್ಮನಿಗೆ ಹೊರಟ. ಹುಡುಗನೆಂದು ರೂಢಿಯಿಂದ ಹೇಳಿದೆ. ಅವನಿಗೀಗ ಹೆಂಡತಿಯಿದ್ದಾಳೆ, ಮೂರು ವರ್ಷದ ಮಗಳಿದ್ದಾಳೆ. ಪಡಸಾಲೆಯಲ್ಲಿ ಪೆಟ್ಟಿಗೆಗಳು ಬಾಯ್ದೆರೆದು ಬಿದ್ದಿದ್ದವು. ತುಂಬುವುದು, ತೂಗುವುದು, ತೆಗೆಯುವುದು, ಮತ್ತೆ ತೂಗುವುದು. ಬ್ಯಾಡಗಿ ಮೆಣಸಿನಕಾಯಿಯ ಪುಡಿ ಒಳಗೆ ಹೋಯಿತು, ಶೇಂಗಾ ಚಟ್ನಿ ಹೋಯಿತು, ಕಟಕ ರೊಟ್ಟಿಯ ಗಂಟೂ ಹೋಯಿತು. ಅಜ್ಜಿ ತನ್ನ ಕೈಯಿಂದಲೇ ಹೊಲಿದಿದ್ದ ಕೂಸಿನ ಕುಂಚಿಗೆ ಮಾತ್ರ, ತೂಕ ಹೆಚ್ಚಾಯಿತೆಂಬ ನೆವದಿಂದ ಹೊರಗೆ ಬಂತು.

ಆ ಅಜ್ಜಿ ನನಗೆ ಅಕ್ಕನ ಸಮಾನ. ಕುಂಚಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮಡಚುತ್ತ, "ಅಲ್ಲೋ ತಮ್ಮಾ, ನೀ ಹಿಂದಿನದ್ದೆಲ್ಲಾ ಓದಿದಾಂವ. ಹಿಂದಕ ಯಾರರೆ ಇಂಥಾ ಸಣ್ಣ ಕೂಸು ಕಟಿಗೊಂಡು ಸಮುದ್ರ ದಾಟಿ ಹೋಗಿದ್ರೇನು?" ಎಂದು ಕೇಳಿದರು.

ಕನ್ನಡ ಪಾಠ ಹೇಳುವವನಿಗೆ ಇತಿಹಾಸದ ಪ್ರಶ್ನೆ. ಆದರೂ ಗುತ್ತಲದಲ್ಲಿ ಹುಟ್ಟಿದವನು ಇತಿಹಾಸದಿಂದ ತಪ್ಪಿಸಿಕೊಳ್ಳುವುದು ಕಷ್ಟ. ಇದು ಗುತ್ತರ ಗುತ್ತವೊಳಲು. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿ ಆಳಿದ ಈ ಮಂಡಲೇಶ್ವರರು ತಮ್ಮನ್ನು ಚಂದ್ರಗುಪ್ತ ವಿಕ್ರಮಾದಿತ್ಯನ ಕುಲದವರೆಂದೂ ಉಜ್ಜಯಿನಿಯ ಒಡೆಯರೆಂದೂ ಶಾಸನಗಳಲ್ಲಿ ಕರೆದುಕೊಂಡರು. ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ಆ ಶಾಸನಗಳು ಇಂದಿಗೂ ನಿಂತಿವೆ. ಊರು ಬಿಟ್ಟು ಬಂದ ಮನೆತನ ಬಿಟ್ಟ ಊರಿನ ಹೆಸರನ್ನು ಬಿರುದಾಗಿ ಹೊತ್ತು ತಿರುಗುವುದು ಹೊಸ ಮಾತಲ್ಲ. ಆದರೆ ಅಕ್ಕ ಕೇಳಿದ್ದು ಕಡಲಿನ ಮಾತು. ನನಗೆ ನೆನಪಾದದ್ದು ಕೊಡಗಿನ ಗೌರಮ್ಮ.

ಹಾಲೇರಿ ವಂಶದ ಕೊನೆಯ ಅರಸ ಚಿಕವೀರರಾಜೇಂದ್ರನನ್ನು ಮಾಸ್ತಿಯವರ ಕಾದಂಬರಿಯ ಮೂಲಕ ಕನ್ನಡಿಗರೆಲ್ಲ ಬಲ್ಲರು. 1834ರ ಏಪ್ರಿಲಿನಲ್ಲಿ ಕಂಪನಿ ಸರಕಾರ ಅವನನ್ನು ಇಳಿಸಿ ಕೊಡಗನ್ನು ವಶಮಾಡಿಕೊಂಡಿತು. ವೇಲೂರಿನ ಹಾದಿಯಾಗಿ ಅವನನ್ನು ಕಾಶಿಗೆ ಒಯ್ದು ವಿಶ್ರಾಂತಿವೇತನದ ಮೇಲೆ ಇರಿಸಿದರು. ಗೌರಮ್ಮ ಹುಟ್ಟಿದ್ದು ಆ ಕಾಶಿಯಲ್ಲಿಯೇ, 1841ರಲ್ಲಿ. ಕಾವೇರಿಯನ್ನು ಕಾಣದೆ ಗಂಗೆಯ ದಂಡೆಯಲ್ಲಿ ಬೆಳೆದ ಕೊಡಗಿನ ರಾಜಕುಮಾರಿ ಅವಳು. ಹೆಸರೇನೋ ನಮ್ಮ ಹಾವೇರಿ ಸೀಮೆಯ ಮನೆಮನೆಯ ಹೆಸರು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಹೊರಡುವ ಹುಡುಗಿಯರ ಗುಂಪಿನಲ್ಲಿ ಒಬ್ಬ ಗೌರಮ್ಮನಾದರೂ ಇಲ್ಲದಿರುವುದಿಲ್ಲ.

ಕಡಲ ಸುದ್ದಿ ಆ ಮನೆಗೆ ಮೊದಲೇ ಮುಟ್ಟಿತ್ತು. ನೇಪಾಳದ ಮಂತ್ರಿ ಜಂಗ ಬಹಾದ್ದೂರ 1850ರಲ್ಲಿ ಇಂಗ್ಲೆಂಡಿಗೆ ಹೋಗಿ ರಾಣಿಯನ್ನು ಕಂಡು ಹಿಂದಿರುಗುವಾಗ ಕಾಶಿಗೆ ಬಂದು, ಇದೇ ಅರಸನ ಇನ್ನೊಬ್ಬ ಮಗಳನ್ನು ಮದುವೆಯಾದ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ಜನ ಹೆದರುತ್ತಿದ್ದ ಕಾಲದಲ್ಲಿ, ದಾಟಿ ಬಂದ ಅಳಿಯನೇ ಮನೆಯಲ್ಲಿ ಕುಳಿತು ಮಾತಾಡುತ್ತಿದ್ದನೆಂದರೆ ಮಾವನ ಮನಸ್ಸು ಸುಮ್ಮನಿದ್ದೀತೆ?

1852ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆ ಪಡೆದು ಅರಸ ಮಗಳೊಡನೆ ಹೊರಟ. ಹೇಳಿಕೊಂಡ ಕಾರಣ ಮಗಳ ಶಿಕ್ಷಣ. ಅವಳು ಕ್ರೈಸ್ತಳಾಗಿ, ಇಂಗ್ಲಿಷ್ ಸಮಾಜದಲ್ಲಿ ಬೆಳೆಯಬೇಕೆಂಬುದು. ಇನ್ನೊಂದು ಕಾರಣ ಹಣ. ಕೊಡಗಿನ ಅರಸರು ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ದೊಡ್ಡ ಮೊತ್ತವನ್ನು ಕಂಪನಿಯೇ ನುಂಗಿ ಕುಳಿತಿತ್ತು. ಅದನ್ನು ಲಂಡನ್ನಿನ ನ್ಯಾಯಾಲಯದಲ್ಲಿ ಕೇಳಬೇಕು. ಗೆದ್ದವರ ಊರಿಗೇ ಹೋಗಿ, ಅವರ ಕೋರ್ಟಿನಲ್ಲಿಯೇ, ಅವರ ಮೇಲೆ ಫಿರ್ಯಾದಿ ಹೂಡುವ ಧೈರ್ಯ ಸಣ್ಣದಲ್ಲ. ಹರ್ಮನ್ ಮೋಗ್ಲಿಂಗ್ 1855ರಲ್ಲಿ ಪ್ರಕಟಿಸಿದ ಕೊಡಗಿನ ವೃತ್ತಾಂತ ಓದಿದವರಿಗೆ ಈ ಅರಸ ಕ್ರೂರಿಯೆಂದೇ ಅನಿಸೀತು. ಇರಬಹುದು. ಆದರೆ ಈ ಒಂದು ಕೆಲಸದಲ್ಲಿ ಅವನು ಹೇಡಿಯಾಗಿರಲಿಲ್ಲ. ಇಂದು ನಮ್ಮ ಕೂಸುಗಳಿಗೆ ಸರಕಾರ ಪಾಸ್‌ಪೋರ್ಟು ಕೊಡುತ್ತದೆ. ಅಂದು ಕೂಸೇ ಅಪ್ಪನ ಪಾಸ್‌ಪೋರ್ಟು ಆಗಿತ್ತು ಎಂದರೆ ನಿಷ್ಠುರವಾದೀತೇನೋ, ಆದರೂ ನನಗೆ ಹಾಗೆ ತೋರುತ್ತದೆ.

ಪ್ರಯಾಣವೆಂದರೆ ಎಂಥದು! ಹಿಂದುಸ್ಥಾನದಲ್ಲಿ ಪ್ರಯಾಣಿಕರ ರೈಲು ಮೊದಲು ಓಡಿದ್ದು ಮರುವರ್ಷ, 1853ರ ಏಪ್ರಿಲಿನಲ್ಲಿ, ಮುಂಬಯಿಯಿಂದ ಠಾಣೆಗೆ. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆ ದಿನಗಳಲ್ಲಿ ಕಲಕತ್ತೆಯಿಂದ ಉಗಿಹಡಗು ಹತ್ತಿದವರು ಸುಯೆಜ್‌ನಲ್ಲಿ ಇಳಿದು, ಕುದುರೆಗಾಡಿಗಳಲ್ಲಿ ಸುಮಾರು 84 ಮೈಲಿ ಮರಳುಗಾಡು ದಾಟಿ ಕೈರೋ ಸೇರಬೇಕಾಗಿತ್ತು. ಅಲ್ಲಿಂದ ನೈಲ್ ನದಿಯ ಮೇಲೆ, ಕಾಲುವೆಯ ದೋಣಿಗಳಲ್ಲಿ ಅಲೆಕ್ಸಾಂಡ್ರಿಯ, ಮತ್ತೆ ಹಡಗು, ಕಡೆಗೆ ಸೌತಾಂಪ್ಟನ್ ಬಂದರು. ಎಲ್ಲ ಕೂಡಿ ಆರು ವಾರದ ದಾರಿ, ಇದೇ ಹತ್ತಿರದ ದಾರಿ. ಹೊಟ್ಟೆ ತೊಳಸುವ ಕಡಲಿನಲ್ಲಿ, ಧೂಳೆಬ್ಬಿಸುವ ಗಾಡಿಯಲ್ಲಿ ಮಕ್ಕಳನ್ನು ಸಂತೈಸುತ್ತ ಹೋದವರ ಪಾಡು, ಬೆಂಗಳೂರಿಗೆ ಬಸ್ಸಿನಲ್ಲಿ ಕೂಸನ್ನು ಕರೆದುಕೊಂಡು ಹೋದ ಯಾವ ತಾಯಿಗಾದರೂ ಒಂದಿಷ್ಟು ತಿಳಿದೀತು.

ಗೌರಮ್ಮ ಇಂಗ್ಲೆಂಡಿನಲ್ಲಿ ಕಾಲಿಟ್ಟಾಗ ಅವಳಿಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ. ಕೆಲವೇ ವಾರಗಳಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಅವಳಿಗೆ ದೀಕ್ಷಾಸ್ನಾನ ಮಾಡಿಸಿದರು. ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಅಂದಿನಿಂದ ಅವಳು ವಿಕ್ಟೋರಿಯಾ ಗೌರಮ್ಮ. ವಿಂಟರ್‌ಹಾಲ್ಟರ್ ಎಂಬ ಪ್ರಸಿದ್ಧ ಚಿತ್ರಕಾರ ರಾಣಿಗಾಗಿ ಅವಳ ಚಿತ್ರ ಬರೆದ. ಮರೊಚೆಟ್ಟಿ ಎಂಬ ಶಿಲ್ಪಿ ಅವಳ ಪ್ರತಿಮೆಯನ್ನು ಅಮೃತಶಿಲೆಯಲ್ಲಿ ಕೆತ್ತಿ ಬಣ್ಣ ಕೊಟ್ಟ. ಚಿತ್ರದಲ್ಲಿ ಅವಳ ಉಡುಗೆ, ಒಡವೆ ಎಲ್ಲವೂ ಹಿಂದುಸ್ಥಾನದವು. ಹೆಸರು ಬದಲಿಸಿದವರಿಗೆ ಚಿತ್ರದಲ್ಲಿ ಮಾತ್ರ ಹಳೆಯ ಉಡುಗೆಯೇ ಬೇಕಾಯಿತು, ನೋಡಿ.

ಇಲ್ಲಿಂದ ಮುಂದೆ ಮಗಳು ಒಂದು ಮನೆಯಲ್ಲಿ, ತಂದೆ ಇನ್ನೊಂದು ಮನೆಯಲ್ಲಿ. ಡ್ರಮಂಡ್ ದಂಪತಿಗಳು, ಲಾಗಿನ್ ದಂಪತಿಗಳು, ಲೇಡಿ ಹಾರ್ಕೋರ್ಟ್ — ಹೀಗೆ ಅವಳನ್ನು ಸಾಕಿದ ಮನೆಗಳು ಬದಲಾದವು. ಅವರಾರೂ ಕೆಟ್ಟವರಲ್ಲ; ರಾಣಿಗೂ ಅವಳ ಮೇಲೆ ನಿಜವಾದ ಮಮತೆಯಿತ್ತು. ಆದರೆ ಸಂಗೀತ ಕಲಿಸಿ, ನಡೆನುಡಿ ತಿದ್ದಿ ಬೆಳೆಸುವುದು ಬೇರೆ, ಬೇಸರವಾದಾಗ ಮಡಿಲಿಗೆ ಎಳೆದುಕೊಳ್ಳುವುದು ಬೇರೆ. ಒಂದೇ ದೇಶದಲ್ಲಿದ್ದೂ ತಂದೆಗೆ ಮಗಳು ದೂರವಾದಳು. ಕುಟುಂಬವಾಗಿ ಕಡಲು ದಾಟಿದವರು ದಡ ಮುಟ್ಟಿದ ಮೇಲೆ ಬೇರೆಯಾದರು.

ಪಂಜಾಬಿನ ದುಲೀಪಸಿಂಗನೂ ಹೀಗೆಯೇ ಬಾಲ್ಯದಲ್ಲಿ ಸಿಂಹಾಸನ ಕಳೆದುಕೊಂಡು, ಲಾಗಿನ್ ದಂಪತಿಗಳ ಕೈಯಲ್ಲಿ ಬೆಳೆದು, 1854ರಲ್ಲಿ ಇಂಗ್ಲೆಂಡಿಗೆ ಬಂದವನು. ಈ ಇಬ್ಬರಿಗೂ ಮದುವೆ ಮಾಡಬೇಕೆಂದು ರಾಣಿಗೆ ಆಸೆ. ಅದು ಕೂಡಿಬರಲಿಲ್ಲ.

ಇದೇ ಕಾಲದಲ್ಲಿ ಎದುರು ದಿಕ್ಕಿಗೂ ಇಂಥದೇ ಪ್ರಯಾಣ ನಡೆದಿತ್ತು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮಂಗಳೂರುಗಳಲ್ಲಿದ್ದ ಬಾಸೆಲ್ ಮಿಶನ್ನಿನವರು ತಮ್ಮ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಯುರೋಪಿಗೆ ಕಳಿಸಿಬಿಡುತ್ತಿದ್ದರು. ನಮ್ಮ ಹವೆ ಆ ಮಕ್ಕಳಿಗೆ ಆಗದೆಂಬ ಭಯ. ಅವರಿಗಾಗಿ ಬಾಸೆಲ್ಲಿನಲ್ಲಿ 1853ರಲ್ಲಿ ಮಕ್ಕಳ ಮನೆಯೊಂದು ತೆರೆಯಿತು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಮಾರೀ ಗುಂಡರ್ಟ್ ಹೀಗೆ ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಬಿಟ್ಟಿರಬೇಕಾಯಿತು. ಅವಳು ಮತ್ತೆ ಇಂಡಿಯಾಕ್ಕೆ ಬಂದದ್ದು 1857ರಲ್ಲಿ. ಮುಂದೆ ಅವಳ ಮಗ ಹರ್ಮನ್ ಹೆಸ್ಸೆ ದೊಡ್ಡ ಕಾದಂಬರಿಕಾರನಾದ. ನಮ್ಮ ಬಿಸಿಲಿಗೆ ಅವರು ಹೆದರಿದರು. ಅವರ ಚಳಿಗೆ ಗೌರಮ್ಮನ ಕಡೆಯವರು ಹೆದರಬೇಕಾಗಿತ್ತು.

ಅರಸ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಮರುವರ್ಷ ಅವನ ವ್ಯಾಜ್ಯವೂ ಮಣ್ಣಾಯಿತು: ಕಂಪನಿ ಮಾಡಿದ್ದು ರಾಜ್ಯಕಾರ್ಯ, ಅದರಲ್ಲಿ ನ್ಯಾಯಾಲಯ ಕೈಹಾಕಲಾರದು ಎಂದು ತೀರ್ಪು. ಅದೇ 1860ರಲ್ಲಿ ಗೌರಮ್ಮ, ಲೇಡಿ ಲಾಗಿನ್ನಳ ಸಹೋದರ ಕರ್ನಲ್ ಜಾನ್ ಕ್ಯಾಂಬೆಲ್ಲನನ್ನು ಮದುವೆಯಾದಳು. ವಯಸ್ಸಿನಲ್ಲಿ ಅವನು ಅವಳಿಗೆ ತಂದೆಯ ಸಮಾನ. 1861ರಲ್ಲಿ ಹೆಣ್ಣುಮಗು ಹುಟ್ಟಿತು. ಎಡಿತ್ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಿಟ್ಟರು. ಕೊಡಗನ್ನೂ ಕಾಶಿಯನ್ನೂ ಕಾಣದ ಆ ಕೂಸಿನ ಹೆಸರಿನ ಕೊನೆಯಲ್ಲಿ ಗೌರಮ್ಮ ಉಳಿದುಕೊಂಡಳು.

ತಾಯಿ ಉಳಿಯಲಿಲ್ಲ. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಕ್ಷಯರೋಗದಿಂದ ಗೌರಮ್ಮ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳನ್ನು ಮಣ್ಣುಮಾಡಿದರು. ತಂದೆಯ ಗೋರಿ ಒಂದು ಕಡೆ, ಮಗಳ ಗೋರಿ ಇನ್ನೊಂದು ಕಡೆ. ಅಲ್ಲಿಯೂ ಒಂದೇ ಮನೆಯಾಗಲಿಲ್ಲ. ಕ್ಯಾಂಬೆಲ್ 1867ರಲ್ಲಿ ಮನೆಯಿಂದ ಹೊರಬಿದ್ದವನು ಮರಳಲಿಲ್ಲ. ಎಡಿತಳಿಗೆ ಆಗ ಆರು ವರ್ಷವೂ ಸರಿಯಾಗಿ ಆಗಿತ್ತೋ ಇಲ್ಲವೋ.

ಇದನ್ನೆಲ್ಲ ಪೆಟ್ಟಿಗೆ ಕಟ್ಟುವ ಹೊತ್ತಿನಲ್ಲಿ ಹೇಳಬಾರದಾಗಿತ್ತು. ಮೇಷ್ಟ್ರುಗಳಿಗೆ ಸಮಯಜ್ಞಾನ ಕಡಿಮೆ. ಅರ್ಧ ಹೇಳಿ ಅರ್ಧ ನುಂಗಿದೆ. ಅಕ್ಕ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡವರ ಹಾಗೆ ಕುಳಿತಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಅಪ್ಪಾ ಮಗಳು ಇಬ್ಬರೂ ಯಾವ ಮಾತಿನಾಗ ಮಾತಾಡತಿದ್ರೋ ಏನೋ," ಎಂದರು. ನಾನು ಪುಸ್ತಕಗಳಲ್ಲಿ ಹುಡುಕಬೇಕಾದ ಪ್ರಶ್ನೆಯನ್ನು ಅವರು ನೆಲದ ಮೇಲೆ ಕುಳಿತೇ ಕೇಳಿಬಿಟ್ಟರು.

ಹಾವೇರಿಗೆ ಹೋಗುವ ಕಾರು ಬಾಗಿಲಿಗೆ ಬಂತು. ಮಗ ಒಳಗೆ ಚಪ್ಪಲಿ ಹುಡುಕುತ್ತಿದ್ದ. ಅಕ್ಕ ಎದ್ದು ಪೆಟ್ಟಿಗೆಯ ಬಾಯಿ ಬಿಚ್ಚಿ, ಮೆಣಸಿನಪುಡಿಯ ಒಂದು ಡಬ್ಬಿ ಹೊರಗಿಟ್ಟು, ಕುಂಚಿಗೆಯನ್ನು ಒಳಗೆ ತುರುಕಿ ಮುಚ್ಚಿದರು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಒಯ್ಯಿ, ನಿಮ್ಮ ಮನಿಗೆ ಆಗ್ತೈತಿ," ಎಂದರು.